ಲಗ್ನಪತ್ರಿಕೆಯೂ ಪುಕ್ಕಟೆ ಡ್ರೈವರೂ

ಪುಕ್ಕಟೆ ಸಿಕ್ಕಿದ್ದನ್ನು ಬೈಯಬಾರದು ಎನ್ನುವವರು ಪುಕ್ಕಟೆಯದನ್ನು ಎಂದೂ ಬಳಸಿರಲಾರರು. ನಾನು ಬಳಸಿದ್ದೇನೆ, ಆದ್ದರಿಂದ ಮನಸಾರೆ ಬೈಯುತ್ತೇನೆ. ಸುರಪುರದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ನಾನು ಇಡೀ ಸ್ಟಾಫ್ ರೂಮಿನಲ್ಲಿ ಕದ್ದ ಸಾಫ್ಟ್‌ವೇರ್ ಮುಟ್ಟದ ಏಕೈಕ ಪುಣ್ಯಾತ್ಮ. ಉಳಿದವರೆಲ್ಲ ಕಳ್ಳರು ಎಂದು ಅವರ ಮುಖಕ್ಕೇ ಹೇಳಿದ್ದೇನೆ. ಅದೇ ಜಂಬದಲ್ಲಿ ರಂಗಂಪೇಟೆಯ ಮನೆಯ ಕಂಪ್ಯೂಟರಿಗೆ ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದೆ. ಪರದೆಯ ಮೇಲೆ ಏನು ಮೂಡಬೇಕೆಂದು ಗ್ರಾಫಿಕ್ಸ್ ಕಾರ್ಡಿಗೆ ಹೇಳುವ ಡ್ರೈವರ್ ಒಂದಿರುತ್ತದಲ್ಲ, ಕಂಪನಿ ಕೊಟ್ಟ ಅದನ್ನೂ ಕಿತ್ತೊಗೆದು, ಯಾರು ಯಾರೋ ಸೇರಿ ಬರೆದು ಪುಕ್ಕಟೆ ಹಂಚುವ ಓಪನ್ ಸೋರ್ಸ್ ಡ್ರೈವರ್ ಕೂಡಿಸಿದೆ.

ಅಂದಿನಿಂದ ಪರದೆಗೆ ಮರುಳು ಹಿಡಿಯಿತು. ಪುಟ ಸರಿಸಿದರೂ ಹಳೆಯ ಸಾಲು ಕದಲುತ್ತಿರಲಿಲ್ಲ, ಒಂದೇ ಮಾತು ಎರಡು ಕಡೆ ಕಾಣುತ್ತಿತ್ತು, ನಡುವೆ ಹಸಿರು ಗುಲಾಬಿ ಪಟ್ಟೆ ಬೇರೆ. ಕೇಬಲ್ ಬದಲಿಸಿದೆ, ಡ್ರೈವರನ್ನು ಮೂರು ಸಲ ತೆಗೆದು ಹಾಕಿದೆ. ಇಂಟರ್‌ನೆಟ್ಟಿನಲ್ಲಿ ಅದರ ಪಂಡಿತರಿಗೆ ಸ್ಕ್ರೀನ್‌ಶಾಟ್ ಕಳಿಸಿದರೆ, ಚಿತ್ರ ಚೊಕ್ಕವಾಗಿಯೇ ಇದೆಯಲ್ಲ ಎಂದರು. ರೋಗ ಪರದೆಗೆ ಮಾತ್ರ, ಸ್ಕ್ರೀನ್‌ಶಾಟಿಗೆ ಅಂಟುವುದಿಲ್ಲವಂತೆ. ಇನ್ನೊಬ್ಬ ಮಹಾಶಯ, ಕೋಡ್ ತೆರೆದೇ ಇದೆ, ನೀವೇ ಸರಿಪಡಿಸಿಕೊಳ್ಳಿ ಎಂದ. ಬಾವಿ ತೆರೆದೇ ಇದೆ, ಹಾರಿಕೊಳ್ಳಿ ಎಂದಂತಾಯಿತು.

ಅದೇ ಹೊತ್ತಿಗೆ ಶಹಾಪುರದಲ್ಲಿ ನನ್ನ ಹೆಂಡತಿ ಶಾಂತಾಳ ತಮ್ಮ ತನ್ನ ಮಗಳ ಮದುವೆ ಗೊತ್ತುಮಾಡಿದ. ಲಗ್ನಪತ್ರಿಕೆ ನಾನೇ ಮಾಡಿಕೊಡುತ್ತೇನೆಂದು ಬಾಯಿ ಹಾಕಿದೆ. ನಮ್ಮ ಕಡೆ ಪತ್ರಿಕೆಯಲ್ಲಿ ಮುಹೂರ್ತವನ್ನು ಯಾರೂ ಓದುವುದಿಲ್ಲ, ಕೆಳಗಿನ ಹೆಸರುಗಳನ್ನು ಬೆರಳಿಟ್ಟು ಓದುತ್ತಾರೆ. ವಡಗೇರಾದಲ್ಲಿರುವ ಶಾಂತಾಳ ದೊಡ್ಡಪ್ಪ, ತನ್ನ ತಮ್ಮನ ಹೆಸರಿನ ಕೆಳಗೆ ತನ್ನದು ಬಂತೆಂದು ಹಿಂದೊಂದು ಮದುವೆಯಲ್ಲಿ ಊಟಕ್ಕೇ ಕೂಡಲಿಲ್ಲ. ಶಾಂತಾ ಮೊದಲೇ ಎಚ್ಚರಿಸಿದಳು:

“ದೊಡ್ಡಪ್ಪನ ಹೆಸರು ಬಿಟ್ಟಿತಂದ್ರ ನಾ ತವರುಮನಿ ಕಟ್ಟಿ ಹತ್ತಂಗಿಲ್ಲ ನೋಡ್ರಿ. ಆ ಡಬ್ಬಿ ಬಿಟ್ಟು ಪ್ರೆಸ್ಸಿನಾಗ ಮಾಡಸ್ರಿ.”

ಕಳ್ಳ ಸಾಫ್ಟ್‌ವೇರಿನ ಪ್ರೆಸ್ಸಿಗೆ ನಾನು ತಲೆಬಾಗುವುದೇ? ಪಟ್ಟೆಗಳ ಸಂದಿಯಲ್ಲೇ ಕಣ್ಣು ಕಿರಿದು ಮಾಡಿ ಹೆಸರು ಕೂಡಿಸಿದೆ. ದೊಡ್ಡಪ್ಪನ ಸಾಲನ್ನು ಏಳು ಸಲ ನೋಡಿದೆ. ಕಡೆಗೆ, ಎಂ.ಎ., ಬಿ.ಎಡ್. ಸಮೇತ ನನ್ನ ಹೆಸರಿಗೆಂದೇ ಬೇರೆ ಇಟ್ಟುಕೊಂಡಿದ್ದ ಸಾಲು ಎರಡು ಕಡೆ ಕಾಣಿಸಿತು. ಇದನ್ನು ಅಚ್ಚು ಹಾಕಿದರೆ ನನ್ನ ಮಾನ ಹೋಗುತ್ತದೆಂದು ಒಂದನ್ನು ಅಳಿಸಿದೆ. ಒಂದು ಉಳಿಯಿತು. ಫೈಲನ್ನು ಬರೀ ಅಚ್ಚು ಹಾಕಲಷ್ಟೇ ಪ್ರೆಸ್ಸಿಗೆ ಕಳಿಸಿದೆ; ಪತ್ರಿಕೆಗಳು ಅಲ್ಲಿಂದ ನೇರ ಶಹಾಪುರಕ್ಕೆ ಹೋದವು.

ಪತ್ರಿಕೆಗಳು ಯಾದಗಿರಿ, ಕಡೇಚೂರುಗಳ ಬೀಗರವರೆಗೆ ಹಂಚಿಹೋದ ಮೇಲೆ, ಒಂದು ಭಾನುವಾರ ಸೋತು ಕಂಪನಿಯ ಡ್ರೈವರನ್ನೇ ಮರಳಿ ಹಾಕಿದೆ. ಪರದೆ ತಟ್ಟನೆ ತಿಳಿಯಾಯಿತು. ನನ್ನ ಕೈಚಳಕ ಕಣ್ತುಂಬ ನೋಡಲು ಪತ್ರಿಕೆಯ ಫೈಲು ತೆರೆದೆ. ದೊಡ್ಡಪ್ಪ ಎಲ್ಲರಿಗಿಂತ ಮೇಲೆ ವಿರಾಜಮಾನರಾಗಿದ್ದರು. ನಾನೇ ಇರಲಿಲ್ಲ. ಅಂದು ನಾನು ಅಳಿಸಿದ್ದು ನಿಜವಾದ ಸಾಲು, ಉಳಿದದ್ದು ಡ್ರೈವರ್ ಒರೆಸದೆ ಬಿಟ್ಟಿದ್ದ ಅದರ ಹಳೆಯ ಕುರುಹು.

ನನಗೆ ಎಂಥ ಅವಮಾನವಾಯಿತೆಂದು ತವರಿನವರೆಲ್ಲ ಹಳಹಳಿಸುತ್ತಿರಬೇಕು ಎಂದುಕೊಂಡು, ಕ್ಷಮಿಸುವ ತಯಾರಿಯಲ್ಲೇ ಶಾಂತಾಳ ತಮ್ಮನಿಗೆ ಫೋನ್ ಮಾಡಿ, ಪತ್ರಿಕೆ ಹೇಗಾಗಿದೆ ಎಂದು ಕೇಳಿದೆ.

“ಭಾಳ ಚಂದ ಆಗ್ಯಾವ್ರಿ ಮಾವಾರ. ಹಂಚೂಕಿಂತ ಮೊದ್ಲ ಎಲ್ಲಾರೂ ಕುಂತು ಓದೀವಿ, ಅಕ್ಕನೂ ಇದ್ಲು. ಒಬ್ಬರ ಹೆಸರೂ ಬಿಟ್ಟಿಲ್ರಿ.”

ಸಂತೋಷ ಎಂದು ಫೋನಿಟ್ಟೆ. ಆ ದರಿದ್ರ ಡ್ರೈವರನ್ನು ಬೈಯಲು ಈಗ ಬಾಯಿ ಬರುತ್ತಿಲ್ಲ. ಎರಡೂ ಮನೆತನಗಳಲ್ಲಿ ನನ್ನ ಹೆಸರನ್ನು ಅಳಿಸಲು ಮನಸ್ಸಾಗದೆ ಹಿಡಿದಿಟ್ಟುಕೊಂಡದ್ದು ಅದೊಂದೇ.