ಜಾಗ ಹಿಡಿದ ಕುರ್ಚಿ

ಅಜ್ಜಿ ತೀರಿಕೊಂಡ ಮೇಲೆ ಅಮ್ಮ ಮನೆ ಚೊಕ್ಕಟ ಮಾಡಿದ್ದೇ ಎಲ್ಲಕ್ಕೂ ಮೂಲ. ಕೂತರೆ ಬೆಕ್ಕಿನ ಬಾಲ ತುಳಿದ ಹಾಗೆ ಕಿರ್ ಎನ್ನುತ್ತಿದ್ದ ಅಜ್ಜಿಯ ಹಳದಿ ಕುರ್ಚಿ ಮೂಲೆಯ ಹಳೇ ಸಾಮಾನಿನ ಅಂಗಡಿ ಸೇರಿತು. ಅದರ ಮೇಲೆ ಕೂತೇ ಅಜ್ಜಿ ಹಿಟ್ಟು ನಾದುತ್ತ, ಕಥೆಗಳಲ್ಲಿ ತೋಳಗಳ ಬಾಯಿಂದ ರಾಜಕುಮಾರಿಯರನ್ನು ಬಿಡಿಸುತ್ತಿದ್ದಳು. ಅಂಗಡಿಯವನು ಹತ್ತು ಡಾಲರ್ ಎಂದ. ಅದನ್ನು ಮರಳಿ ಕೊಳ್ಳಹೋದ ಮೊಮ್ಮಗಳು, ಹದಿಮೂರರ ಬರ್ನಡೆಟ್ ಬಳಿ ಇದ್ದದ್ದು ಖಾಲಿ ಜೇಬು.

ಪುಣ್ಯಕ್ಕೆ ಆ ರಾತ್ರಿ ಪಿಟ್ಸ್‌ಬರ್ಗಿನ ಮೇಲೆ ಹಿಮ ಸುರಿಯಿತು. ಬೆಳಗ್ಗೆ ಅವಳು ನೆರೆಯವರ ಹಿಮ ಬಳಿದು ದುಡ್ಡು ಗಳಿಸಲು ಸಲಿಕೆ ಹೊತ್ತು ಹೊರಟಳು.

ಮೊದಲು ಪೆಟ್ರುಸ್ಕಾ ಆಂಟಿಯ ಮೆಟ್ಟಿಲು. ಆಂಟಿ ಕಿಟಕಿಯಿಂದಲೇ ಮೇಸ್ತ್ರಿಗಿರಿ ಮಾಡಿದಳು: "ಸಲಿಕೇನ ಸೂಪಿನ ಚಮಚದ ಥರ ಹಿಡೀಬೇಡ ಕಣೇ! ಬಗ್ಗು!" ಕೊನೆಗೆ ಕೈಗೆ ಬಂದದ್ದು ಬೀಟ್‌ರೂಟ್ ಉಪ್ಪಿನಕಾಯಿಯ ಭರಣಿ. "ದುಡ್ಡು ಕೊಟ್ರೆ ಮಕ್ಳು ಕೆಡ್ತಾರಮ್ಮ."

ಆಮೇಲೆ ನರ್ಸ್ ಕೊಲೀನಳ ಕಾರು. "ದೀಪದ ಕಂಬದ ಪಕ್ಕ ಇದೆ ನೋಡು" ಎಂದಿದ್ದಳು. ಬೀದಿಯ ಕಾರುಗಳೆಲ್ಲ ಹಿಟ್ಟು ಉದುರಿಸಿದ ಬ್ರೆಡ್ಡಿನ ಹಾಗೆ ಒಂದೇ ಥರ ಮಲಗಿದ್ದವು. ಬೆನ್ನು ಮುರಿಯುವಷ್ಟು ತೋಡಿದ ಮೇಲೆ ನೀಲಿ ಕಾರು ಹೊರಬಂತು. ಯಾರೋ ಮೀಸೆಯವನು ಓಡಿ ಬಂದು, "ಎಂಥಾ ಒಳ್ಳೇ ಜನಾನಪ್ಪ!" ಎಂದು ಹತ್ತಿ ಹೊರಟೇ ಹೋದ.

"ನಂದು ಕೆಂಪು ಕಾರು ಕಣೇ! ಇನ್ನು ಬಿಡು, ಬಸ್ಸಲ್ಲೇ ಹೋಗ್ತೀನಿ" ಎಂದಳು ಕೊಲೀನ್.

ಕೊನೆಗೆ ಒಲಿದವನು ಬೀದಿಯಾಚೆಯ ಸ್ಟಾಂಕೊ ತಾತ. ಒಂಟಿ ಜೀವ. ಕಾರು ಬಿಡಿಸಿದ್ದಕ್ಕೆ ಸರಿಯಾಗಿ ಹತ್ತು ಡಾಲರ್ ಕೊಟ್ಟ. ಬರ್ನಡೆಟ್ಟಳಿಗೆ ಅವನ ಮೇಲೆ ಪ್ರೀತಿ ಉಕ್ಕಿತು.

"ತಾತ, ಕಾರು ತೆಗೆದ್ರೆ ಜಾಗಕ್ಕೊಂದು ಕುರ್ಚಿ ಇಡಿ. ಕುರ್ಚಿ ಇದ್ರೆ ಈ ಬೀದೀಲಿ ಯಾರೂ ಅಲ್ಲಿ ಕಾರು ನಿಲ್ಸಲ್ಲ."

"ನನ್ನ ಹತ್ರ ಇರೋದೇ ಒಂದು ಮಗಾ. ಅದನ್ನಿಟ್ಟು ನಾನೆಲ್ಲಿ ಕೂರ್ಲಿ?"

"ಮೂಲೆ ಅಂಗಡೀಲಿ ಅಗ್ಗಕ್ಕೆ ಸಿಗುತ್ತೆ, ತನ್ನಿ!"

"ಹಾಗಾದ್ರೆ ಬರೋಷ್ಟರಲ್ಲಿ ಮೆಟ್ಟಿಲ ಹಿಮಾನೂ ಬಳಿದಿಡು" ಎಂದು ತಾತ ಕಾರು ಹತ್ತಿದ.

ಬಳಿದು ಮುಗಿಸಿ ಅವಳು ಒಂದೇ ಉಸಿರಿಗೆ ಅಂಗಡಿಗೆ ಓಡಿದಳು. ಕುರ್ಚಿ ಇದ್ದ ಜಾಗದಲ್ಲಿ ಧೂಳಿನ ಗುರುತು.

"ಈಗಷ್ಟೇ ಹೋಯ್ತಲ್ಲಮ್ಮ. ಯಾರೋ ಮುದುಕಪ್ಪ ಮಗೂನ ಎತ್ಕೊಂಡ ಹಾಗೆ ಎತ್ಕೊಂಡು ಹೋದ."

ಅಜ್ಜಿಯ ಕುರ್ಚಿ ಹಿಮದಲ್ಲಿ ಕಾರಿನ ಜಾಗ ಕಾಯುವುದೇ! ಬರ್ನಡೆಟ್ ಅಳುತ್ತಲೇ ವಾಪಸ್ಸು ಓಡಿದಳು. ತಾತನ ಜಾಗದಲ್ಲಿ ಕುರ್ಚಿಯಿರಲಿಲ್ಲ, ಯಾರದೋ ಹಸಿರು ಲಾರಿ ಹಾಯಾಗಿ ನಿಂತಿತ್ತು. ತಾತನ ಕಾರು ಬೀದಿಯ ನಡುವೆ ದೀಪ ಮಿಣಕಿಸುತ್ತಿತ್ತು.

ಬಾಗಿಲು ತೆರೆದೇ ಇತ್ತು. ಅಡುಗೆಮನೆಯ ಮೇಜಿನ ಒಂದು ಕಡೆ ತಾತ, ಎದುರಿಗೆ ಹಳದಿ ಕುರ್ಚಿ. ಖಾಲಿ ಕುರ್ಚಿಯ ಮುಂದೆಯೂ ಇಸ್ಪೀಟೆಲೆ ಹಂಚಿಟ್ಟಿತ್ತು.

"ನಿಮ್ಮಜ್ಜಿ ಲುಡ್ಮಿಲಾದು" ಎಂದ ತಾತ, ಮೂಗೊರೆಸಿಕೊಳ್ಳುತ್ತ. "ಗುರುವಾರ ಬಂತು ಅಂದ್ರೆ ಇದರ ಮೇಲೆ ಕೂತು ನನ್ನ ಸೋಲಿಸ್ತಿದ್ಳು. ಪಕ್ಕಾ ಮೋಸಗಾತಿ. ಇದನ್ನ ಹೇಗೆ ಮಗಾ ಹಿಮದಲ್ಲಿಡ್ಲಿ?"

ಕೈಗವಸಿನೊಳಗಿನ ನೋಟನ್ನು ಬರ್ನಡೆಟ್ ಇನ್ನಷ್ಟು ಒಳಕ್ಕೆ ತುರುಕಿಕೊಂಡಳು.

"ನೀನು ಯಾಕೆ ಬಂದೆ, ಪುಟ್ಟಿ?"

"ಸುಮ್ನೆ ತಾತ. ನಿಮ್ಮ ಜಾಗ ಹೋಯ್ತಲ್ಲ."

"ಹೌದು ನೋಡು. ಇನ್ನೊಂದು ತೋಡ್ಕೊಡ್ತೀಯಾ? ಈ ಸಲ ಇಸ್ತ್ರಿ ಮಾಡೋ ಹಲಗೆ ಇಡೋಣ. ದುಡ್ಡೆಲ್ಲ ಕುರ್ಚಿಗಾಯ್ತು." ತಾತ ಕಪಾಟು ತಡಕಿ ಒಂದು ಭರಣಿ ಚಾಚಿದ. "ಪೆಟ್ರುಸ್ಕಾ ಕೊಟ್ಟಿದ್ದು. ಬೀಟ್‌ರೂಟ್ ತಿಂತೀಯ ತಾನೇ?"

ಬರ್ನಡೆಟ್ ಕುರ್ಚಿಯ ಬೆನ್ನನ್ನೊಮ್ಮೆ ಸವರಿದಳು. ಅದು ಕಿರ್ ಎಂದಿತು. ಆಮೇಲೆ ಭರಣಿಯನ್ನು ಕಂಕುಳಿಗೆ ಸೇರಿಸಿ ಸಲಿಕೆ ಎತ್ತಿಕೊಂಡಳು.