ಬ್ರೇಕ್ ಮೇಷ್ಟ್ರ ಸಮುದ್ರಯಾನ

ಆಸ್ಪತ್ರೆಯ ನರ್ಸಮ್ಮ ಆ ಒಂದು ಮಾತು ಆಡದೇ ಇದ್ದಿದ್ದರೆ ಆ ಭಾನುವಾರ ತನ್ನ ಪಾಡಿಗೆ ತಾನು ಕಳೆದುಹೋಗುತ್ತಿತ್ತು. ಪಾಪ, ಹುಡುಗಿ ಕೆಟ್ಟದ್ದೇನೂ ಕೇಳಲಿಲ್ಲ. ಕಾರನ್ನು ಕಟ್ಟಡದ ಅಂಗಳದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, "ಸಾರ್, ಕಲಿತದ್ದೂ ಆಯ್ತು, ಟೆಸ್ಟ್ ಪಾಸಾದದ್ದೂ ಆಯ್ತು. ಆದ್ರೆ ನೀವು ಓಡಿಸೋದನ್ನ ಒಂದ್ಸಲಾನೂ ನೋಡ್ಲಿಲ್ವಲ್ಲ!" ಅಂದಳು, ಅಷ್ಟೆ.

ನೆಲಮಹಡಿಯ ಟೈಲರ್ ತನ್ನ ಅಂಗಡಿಯೊಳಗಿಂದಲೇ ಕಿಸಕ್ಕನೆ ನಕ್ಕ. "ಅವರು ಓಡಿಸ್ತಾರೆ ಅಂತ ಯಾರಮ್ಮ ನಿನಗೆ ಹೇಳಿದ್ದು? ಅವರು ನಿಲ್ಲಿಸ್ತಾರೆ!"

ಮೇಷ್ಟ್ರ ಮೈ ಉರಿದುಹೋಯಿತು. ಉರಿಯದೆ ಇನ್ನೇನಾದೀತು? ಡ್ರೈವಿಂಗ್ ಸ್ಕೂಲ್ ತೆರೆದ ದಿನದಿಂದಲೂ ಅವರು ಕೂತದ್ದು ಎಡಗಡೆಯ ಸೀಟಿನಲ್ಲಿ. ಸ್ಟಿಯರಿಂಗ್ ಶಿಷ್ಯರದು, ಇವರ ಪಾಲಿಗೆ ಬಂದದ್ದು ಕಾಲಡಿಯ ಆ ಒಂದು ಹೆಚ್ಚುವರಿ ಬ್ರೇಕು. ಅದನ್ನು ಒತ್ತಿ ಒತ್ತಿ ಎಂಥ ಅಭ್ಯಾಸವಾಗಿತ್ತೆಂದರೆ, ಮನೆಯಲ್ಲಿ ಪೇಪರ್ ಓದುವಾಗಲೂ ಬಲಗಾಲು ಆಗಾಗ ನೆಲ ಒತ್ತುತ್ತಿತ್ತು. ಬೀದಿಗೆಲ್ಲ ಅವರು ಬ್ರೇಕ್ ಮೇಷ್ಟ್ರು. ಕಾರು ಅವರದೇ, ಆದರೆ ಅದು ಎರಡನೇ ಗೇರು ದಾಟುವುದೇ ಅಪರೂಪ. ಒಂದೇ ಒಂದು ಸಲ ತಾವೇ ಸ್ಟಿಯರಿಂಗ್ ಹಿಡಿದು, ಯಾರೂ ಅಡ್ಡ ಬರದ ಉದ್ದನೆಯ ರಸ್ತೆಯಲ್ಲಿ ಐದನೇ ಗೇರು ಹಾಕಬೇಕೆಂದು ಆ ಜೀವ ಎಷ್ಟು ಹಂಬಲಿಸಿತ್ತೋ. ಎಂದೋ ಪತ್ರಿಕೆಯಲ್ಲಿ ಹಡಗೊಂದರ ಚಿತ್ರ ನೋಡಿದ್ದರು. ಅದು ಬಾಯಿ ತೆರೆದು ಸಾಲುಸಾಲು ಕಾರು ನುಂಗುತ್ತಿತ್ತು. ಅಂದಿನಿಂದ ಆ ಆಸೆಗೆ ಸಮುದ್ರವೂ ಸೇರಿಕೊಂಡಿತ್ತು. ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ. ಈಗ ಬಿಟ್ಟರು, ಅದೂ ಅಂಗಳದ ನಡುವೆ ನಿಂತು, ಗಂಟಲು ಹರಿಯುವಂತೆ.

"ಕೇಳ್ರೀ ಎಲ್ಲರೂ! ಇದೇ ಕಾರಲ್ಲಿ ಮೂರು ದೇಶ ದಾಟ್ತೀನಿ. ಕಾರನ್ನ ಹಡಗಿಗೆ ಹತ್ತಿಸಿ ಸಮುದ್ರಾನೂ ದಾಟ್ತೀನಿ. ಆ ಕಡೆ ಇಳಿದು ಮತ್ತೆ ಓಡಿಸ್ತೀನಿ. ನಾನೇ ಓಡಿಸ್ತೀನಿ!"

ಬಾಲ್ಕನಿಗಳಲ್ಲಿ ತಲೆಗಳು ಮೂಡಿದವು. ಮೊದಲು ಮೂಡಿದ್ದು ಹೆಂಡತಿಯದು.

"ಆ ಕಡೆ ಏನಿದೆ ರೀ?"

"ರಸ್ತೆ ಇದೆ!"

"ರಸ್ತೆ ಇಲ್ಲೂ ಇದೆ. ನಮ್ಮಮ್ಮನ್ನ ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋಗಿ ಅಂದ್ರೆ ಕಾರಿಗೆ ಬಿಡುವಿಲ್ಲ. ಸಮುದ್ರ ದಾಟೋಕೆ ಬಿಡುವು ಸಿಕ್ತಾ?"

"ಹೋಗ್ತೀನಿ ಅಂದ್ರೆ ಹೋಗ್ತೀನಿ! ನೀನೂ ಬರ್ತೀಯ. ಹಿಂದಿನ ಸೀಟು ನಿಂದು."

ಹೆಂಡತಿ ಬಾಲ್ಕನಿಯಿಂದ ಇನ್ನಷ್ಟು ಬಗ್ಗಿದಳು. "ಕಿಟಕಿ ಪಕ್ಕಾನಾ?"

"ಕಿಟಕಿ ಪಕ್ಕಾನೇ."

ಬಾಲ್ಕನಿ ತೆಪ್ಪಗಾಯಿತು. ಬಾಯಿ ಮುಚ್ಚಿಸಲು ಸೀಟಿನಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ ಎಂದು ಮೇಷ್ಟ್ರಿಗೆ ಆಗಲೇ ಹೊಳೆದದ್ದು. ಹೊಳೆಯದೇ ಇದ್ದಿದ್ದರೆ ಚೆನ್ನಾಗಿತ್ತು.

ಮನೆಯೊಳಗೆ ಕಾಲಿಟ್ಟರೆ ಅತ್ತೆ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕೂತಿದ್ದರು. "ಅಳಿಯಂದ್ರೇ, ನನ್ನ ಮಗಳನ್ನ ನೀರಿಗೆ ನೂಕೋಕೆ ಹೊರಟಿದೀರಾ? ನಾನು ಬದುಕಿರೋ ತನಕ ಅದು ನಡೆಯಲ್ಲ. ಈ ಕ್ಷಣದಿಂದ ನಾನು ಊಟ ಮುಟ್ಟಲ್ಲ."

"ಮುಟ್ಟಬೇಡಿ!" ಎಂದರು ಮೇಷ್ಟ್ರು. ಆದರೆ ಊಟದ ಹೊತ್ತಿಗೆ ಹೆಂಡತಿ ಪಾತ್ರೆಗಳನ್ನು ಕುಕ್ಕುತ್ತಿದ್ದ ಸದ್ದು ಕೇಳಿಯೇ ಅವರ ಎದೆ ಅರ್ಧ ಕರಗಿತು. "ಅತ್ತೆ, ನೀವೂ ಬನ್ನಿ. ಕಾಲು ಚಾಚಿಕೊಂಡು ಕೂರೋಕೆ ಮುಂದಿನ ಸೀಟೇ ಕೊಡ್ತೀನಿ, ಎಡಗಡೇದು."

ಅತ್ತೆ ಕತ್ತು ತಿರುಗಿಸದೆ ಮಗಳಿಗೆ ಹೇಳಿದರು: "ನನ್ನ ತಟ್ಟೆ ತಗೊಂಡ್ ಬಾ."

ಮಧ್ಯಾಹ್ನ ಮೇಲಿನ ಮಹಡಿಯ ಮ್ಯಾನೇಜರು ಇಳಿದು ಬಂದರು. ಬ್ಯಾಂಕಿನಿಂದ ನಿವೃತ್ತರಾಗಿದ್ದರೂ ಯಾವ ಕೆಲಸಕ್ಕಾದರೂ ಒಂದು ಕೊಕ್ಕೆ ಹಾಕದೆ ಬಿಡುವ ಆಸಾಮಿಯಲ್ಲ. "ಮೇಷ್ಟ್ರೇ, ಗಡಿ ದಾಟಿದ ಮೇಲೆ ರಸ್ತೆಯ ಬಲಗಡೆ ಓಡಿಸ್ಬೇಕು. ಗೊತ್ತೇನ್ರೀ? ನಿಮ್ಮ ಕೈಲಾಗಲ್ಲ, ಬಿಟ್ಟುಬಿಡಿ."

"ಕೈಲಾಗಲ್ವಾ? ಬನ್ನಿ ಕೆಳಗೆ!"

ಅಂಗಳದಲ್ಲಿ ಬೀದಿಯೇ ನೆರೆಯಿತು. ಮೇಷ್ಟ್ರು ಸ್ಟಿಯರಿಂಗ್ ಹಿಡಿದು ಕೂತದ್ದೇ ಒಂದು ನೋಟ. ಬಲಬದಿ ಹಿಡಿದು ಅರ್ಧ ಸುತ್ತು ಬಂದರು, ಒಂದು ಎಡವಟ್ಟಿಲ್ಲ. ಯಾರೋ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಬೆಕ್ಕೊಂದು ಅಡ್ಡ ಹಾಯಿತು. ಎಡಗಡೆ ಸೀಟಿನಲ್ಲಾಗಿದ್ದರೆ ಕಾಲಡಿ ಇರುವುದು ಒಂದೇ ಪೆಡಲು, ಅದು ಬ್ರೇಕು. ಮೇಷ್ಟ್ರ ಬಲಗಾಲು ಹಳೆಯ ಅಭ್ಯಾಸದಂತೆ ನೇರವಾಗಿ ಚಾಚಿ, ಇದ್ದಬದ್ದ ಬಲವನ್ನೆಲ್ಲ ಹಾಕಿ ಒತ್ತಿತು. ಈ ಸೀಟಿನಲ್ಲಿ ಅಲ್ಲಿದ್ದದ್ದು ಆಕ್ಸಿಲರೇಟರ್. ಬೆಕ್ಕು ಬದುಕಿಕೊಂಡಿತು. ಮ್ಯಾನೇಜರು ಮಕ್ಕಳಿಗಿಂತ ಹೆಚ್ಚಾಗಿ ಸಾಕಿದ್ದ ಹೂಕುಂಡಗಳ ಸಾಲು ಬದುಕಲಿಲ್ಲ.

"ನನ್ನ ಗುಲಾಬಿ! ಅಯ್ಯೋ, ನನ್ನ ಗುಲಾಬಿ!"

"ಮ್ಯಾನೇಜರೇ, ಕೂಗಾಡಬೇಡಿ," ಎಂದರು ಮೇಷ್ಟ್ರು ಕಾರಿನಿಂದ ಇಳಿಯುತ್ತ, ಬೆವರು ಒರೆಸುತ್ತ. "ಹಿಂದೆ ಇನ್ನೊಂದು ಕಿಟಕಿ ಸೀಟು ಇದೆ. ಅದು ನಿಮಗೇ."

ಮ್ಯಾನೇಜರು ಒಡೆದ ಕುಂಡವನ್ನೂ ಕಾರನ್ನೂ ಒಮ್ಮೆ ನೋಡಿದರು. "ಹಡಗಿನ ಬುಕಿಂಗ್ ಎಲ್ಲ ನನಗೆ ಬಿಡಿ. ನಿಮಗೆ ಅದೆಲ್ಲ ತಿಳಿಯಲ್ಲ," ಎಂದರು.

ಟೈಲರ್ ಸುಮ್ಮನಿರುತ್ತಾನೆಯೇ? ಟೇಪು ಹಿಡಿದು ಬಂದು, ಕೋಟಿಗೆ ಅಳತೆ ತೆಗೆದ ಹಾಗೆ ಕಾರಿನ ಸುತ್ತಳತೆ, ಎತ್ತರ ಎಲ್ಲ ತೆಗೆದ. "ಮೇಷ್ಟ್ರೇ, ತಲೆ ಮೇಲೆ ಇಷ್ಟೆತ್ತರದ ಬೋರ್ಡು ಹೊತ್ತುಕೊಂಡು ಹಡಗಿನ ಬಾಗಿಲಲ್ಲಿ ತೂರೋಕಾಗುತ್ತಾ? ಆಗೋ ಮಾತಲ್ಲ ಬಿಡಿ."

"ಆಗಲ್ಲ ಅನ್ನೋ ಮಾತನ್ನ ಇವತ್ತು ನನ್ನ ಮುಂದೆ ಯಾರೂ ಆಡಬೇಡಿ!" ಎಂದು ಮೇಷ್ಟ್ರು ಬಾನೆಟ್ ಹತ್ತಿ, ಕಾರಿನ ಮೇಲಿದ್ದ ಡ್ರೈವಿಂಗ್ ಸ್ಕೂಲಿನ ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದು ಎಳೆದರು. ತುಕ್ಕು ಹಿಡಿದ ಸ್ಕ್ರೂಗಳು ಜಪ್ಪಯ್ಯ ಅನ್ನಲಿಲ್ಲ. ಇನ್ನೊಮ್ಮೆ ಜಗ್ಗಿದರು. ಬೋರ್ಡು ಕಿತ್ತು ಬಂತು, ಕೈಯಲ್ಲಿ ನಿಲ್ಲಲಿಲ್ಲ, ಟೈಲರನ ಅಂಗಡಿಗೆ ಹಾರಿ ಆಳೆತ್ತರದ ಕನ್ನಡಿಯನ್ನು ಚೂರುಚೂರು ಮಾಡಿತು.

ಟೈಲರ್ ತಲೆಯ ಮೇಲೆ ಕೈ ಹೊತ್ತು ಕೂತ. ಮೇಷ್ಟ್ರೇ ಬಗ್ಗಿ ಚೂರು ಆಯುತ್ತ ಸಮಾಧಾನ ಹೇಳಿದರು: "ಅಳಬೇಡ ಮಾರಾಯ. ಹಿಂದೆ ಮಧ್ಯದ ಸೀಟು ನಿನಗೆ." ಟೈಲರ್ ಕಣ್ಣೊರೆಸಿಕೊಂಡು, ಪ್ರಯಾಣಕ್ಕೆ ಒಂದು ಹೊಸ ಅಂಗಿ ಹೊಲಿದುಕೊಳ್ಳಬೇಕು ಎಂದ.

ಚೂರು ಆಯ್ದ ಮೇಷ್ಟ್ರ ಅಂಗೈ ಕುಯ್ದಿತ್ತು. ನರ್ಸಮ್ಮ ಓಡಿಬಂದು ಪಟ್ಟಿ ಕಟ್ಟಿದಳು. "ಹಡಗಲ್ಲಿ ಎಲ್ಲರಿಗೂ ಹೊಟ್ಟೆ ತೊಳಸುತ್ತೆ ಸಾರ್. ನೋಡ್ಕೊಳ್ಳೋಕೆ ಒಬ್ರು ಬೇಡ್ವಾ? ನಾನೂ ಬರ್ಲಾ?"

ಶಿಷ್ಯೆ ಸೀಟು ಕೇಳಿದರೆ ಮೇಷ್ಟ್ರು ಇನ್ನೇನಂದಾರು? ದಿನಬೆಳಗಾದರೆ ಹೇಳುವ ಮಾತೇ ಬಾಯಿಗೆ ಬಂತು. "ಕೇಳೋದೇನಮ್ಮ ಅದರಲ್ಲಿ? ನಿನ್ನ ಸೀಟು ನಿನಗೆ ಇದ್ದೇ ಇದೆಯಲ್ಲ."

ಸಂಜೆಯ ಹೊತ್ತಿಗೆ ವಿರೋಧಿಗಳೇ ಇರಲಿಲ್ಲ. ಮೇಷ್ಟ್ರ ಮನೆಯ ಗೋಡೆಗೆ ನಕಾಶೆ ಏರಿತ್ತು. ಬೆಳಿಗ್ಗೆ ಊಟ ಬಿಟ್ಟಿದ್ದ ಅತ್ತೆ ಎರಡನೇ ದೇಶದಲ್ಲಿ ಎಲ್ಲಿ ತಂಗಬೇಕು ಎಂದು ಮಗಳ ಜೊತೆ ವಾದಕ್ಕೆ ಬಿದ್ದಿದ್ದರು. ಮ್ಯಾನೇಜರು ಫೋನು ಕೆಳಗಿಟ್ಟು ಎದ್ದು ನಿಂತರು.

"ಹಡಗಿನ ಬುಕಿಂಗ್ ಗಟ್ಟಿಯಾಯ್ತು! ಕಾರು ಒಂದು, ಜನ ಐದು!"

ಮೇಷ್ಟ್ರ ಎದೆ ಉಬ್ಬಿತು, ಕಣ್ಣೂ ತುಂಬಿತು. ಇಷ್ಟು ವರ್ಷ ನಗೆಪಾಟಲಾದದ್ದಕ್ಕೆಲ್ಲ ಇದೊಂದು ಮಾತು ಸಾಕಿತ್ತು. ಆಗ ಟೈಲರ್, "ಎಲ್ಲದಕ್ಕೂ ಒಂದು ಟ್ರಯಲ್ ಇರಬೇಕು," ಎಂದು ಐದು ಕುರ್ಚಿಗಳನ್ನು ಕಾರಿನ ಹಾಗೆ ಜೋಡಿಸಿದ: ಮುಂದೆ ಎರಡು, ಹಿಂದೆ ಮೂರು. "ಅವರವರ ಸೀಟಲ್ಲಿ ಕೂತ್ಕೊಳ್ಳಿ ನೋಡೋಣ."

ಹಿಂದೆ ಹೆಂಡತಿ, ಟೈಲರ್, ಮ್ಯಾನೇಜರು ಒತ್ತಿಕೊಂಡು ಕೂತರು. ಎಡಗಡೆ ಮುಂದೆ ಅತ್ತೆ ಕಾಲು ಚಾಚಿದರು. ನರ್ಸಮ್ಮ ಬಲಗಡೆಯ ಕುರ್ಚಿಯಲ್ಲಿ ಕೂತು ಗಾಳಿಯಲ್ಲೇ ಸ್ಟಿಯರಿಂಗ್ ಹಿಡಿದಳು. ಮೇಷ್ಟ್ರು, ಅಲ್ಲಿಲ್ಲದ ಬಾಗಿಲನ್ನು ತೆರೆಯಲು ಚಾಚಿದ ಕೈ ಚಾಚಿದ ಹಾಗೇ ನಿಂತರು.

"ನರ್ಸಮ್ಮಾ, ಏಳಮ್ಮ. ಅದು ನನ್ನ ಸೀಟು."

"ನನ್ನ ಸೀಟು ನನಗೆ ಇದ್ದೇ ಇದೆ ಅಂದ್ರಲ್ಲ ಸಾರ್! ನಾನು ರಜಾನೂ ಕೇಳ್ಬಿಟ್ಟೆ."

"ಅದು ಬಾಯ್ತಪ್ಪಿ... ಕಾರು ನಂದು ಕಣಮ್ಮ! ಪ್ರವಾಸ ನಂದು! ಓಡಿಸೋನು ನಾನು!"

ಮ್ಯಾನೇಜರು ಕೆಮ್ಮಿದರು. "ಕೋಪ ಮಾಡ್ಕೋಬೇಡಿ ಮೇಷ್ಟ್ರೇ. ಇವತ್ತು ಒಂದು ಅಂಗಳದಲ್ಲಿ ನೀವು ಮಾಡಿದ್ದನ್ನ ನೋಡಿದ ಮೇಲೂ ನಿಮ್ಮ ಕೈಗೆ ಮೂರು ದೇಶ ಕೊಡೋಕೆ ಧೈರ್ಯ ಬರುತ್ತಾ? ಈ ಹುಡುಗಿ ಒಂದು ಕುಂಡಾನೂ ಒಡೆದಿಲ್ಲ. ನೀವೇ ಕಲಿಸಿದ್ದಲ್ವಾ? ಹೆಮ್ಮೆ ಪಡಿ. ನೀವು ಮನೆ ಕಡೆ ನೋಡ್ಕೊಂಡು ಹಾಯಾಗಿರಿ."

"ಹೌದು ಅಳಿಯಂದ್ರೇ," ಎಂದರು ಅತ್ತೆ. ಹೆಂಡತಿ ಕಿಟಕಿಯಿದ್ದ ಕಡೆ ಮುಖ ತಿರುಗಿಸಿ ಕೂತಳು. ಮೇಷ್ಟ್ರು ಪಟ್ಟಿ ಕಟ್ಟಿದ ಕೈಯಿಂದಲೇ ಮೇಜು ಗುದ್ದಿ ನೋವಿಗೆ ಮುಖ ಕಿವುಚಿದರು, ಆದರೂ ದನಿ ತಗ್ಗಿಸಲಿಲ್ಲ.

"ಮನೆ ನೋಡ್ಕೊಳ್ಳೋಕೆ ಹುಟ್ಟಿಲ್ಲ ನಾನು! ಬಂದೇ ಬರ್ತೀನಿ! ಕಾರಲ್ಲಿ ಜಾಗ ಇಲ್ವಾ? ಬಸ್ಸಲ್ಲಿ ಬರ್ತೀನಿ. ಮೂರು ದೇಶಾನೂ ಬಸ್ಸಲ್ಲೇ ದಾಟ್ತೀನಿ. ಹಡಗಿಗೆ ಕಾಲ್ನಡಿಗೇಲಿ ಹತ್ತುತೀನಿ, ಕಾಲ್ನಡಿಗೇಲೇ ಇಳೀತೀನಿ. ಅದು ಹೇಗೆ ತಡೀತೀರೋ ನಾನೂ ನೋಡ್ತೀನಿ!"

ಯಾರೂ ತಡೆಯಲಿಲ್ಲ. ಐದೂ ಮುಖಗಳು ಒಟ್ಟಿಗೆ ಅರಳಿದವು. ಹೆಂಡತಿ ಎದ್ದು ಬಂದು ಗಂಡನ ತೋಳು ಹಿಡಿದುಕೊಂಡಳು. ಅಷ್ಟು ಪ್ರೀತಿಯಿಂದ ಆಕೆ ಹಿಡಿದುಕೊಂಡು ಬಹಳ ಕಾಲವಾಗಿತ್ತು.

"ನಮ್ಮ ಪಾಲಿಗೆ ದೇವರು ಬಂದ ಹಾಗೆ ಬಂದ್ರಿ ರೀ. ಐವರ ಸಾಮಾನು ಆ ಡಿಕ್ಕೀಲಿ ಹಿಡಿಯಲ್ಲ ಅಂತ ಅದೇ ಚಿಂತೆ ಆಗಿಹೋಗಿತ್ತು. ಅಮ್ಮನ ಎರಡೂ ಟ್ರಂಕು ನಿಮ್ಮ ಜೊತೆ ಬಸ್ಸಲ್ಲೇ ಬರಲಿ."