ಮೇಷ್ಟ್ರಿಗೆ ಬೇಕಾದ ಗತಿ

ರಗಳೆ ಶುರುವಾದದ್ದು ಪೊರಕೆಯ ಹಿಡಿಯಿಂದ. ಚೆಕ್ ದೇಶದ ಬ್ರನೋ ಊರಿನ ಆ ಹಳೇ ಕಟ್ಟಡದಲ್ಲಿ ಬೊಲೆಕ್ ಒಬ್ಬನನ್ನು ಬಿಟ್ಟರೆ ಉಳಿದವರೆಲ್ಲ ನಗರದ ವಾದ್ಯವೃಂದದಲ್ಲಿ ನುಡಿಸಿ ನಿವೃತ್ತರಾದವರು. ಬೊಲೆಕ್ ಮಾತ್ರ ಮದುವೆ, ಹುಟ್ಟುಹಬ್ಬಗಳಲ್ಲಿ ಹಾಡು ಹಾಕಿ ಜನರನ್ನು ಕುಣಿಸುವ ಡಿಜೆ. ಅವನು ಸ್ಪೀಕರಿನ ಗುಂಡಿ ಒತ್ತಿದರೆ ಸಾಕು, ಕೆಳಮನೆಯ ಲಿಬುಶೆ ಆಂಟಿ ತನ್ನ ಸೂರಿಗೆ ಪೊರಕೆಯ ಹಿಡಿಯಿಂದ ಗುದ್ದುತ್ತಿದ್ದಳು. ಜನ್ಮವಿಡೀ ಚೆಲ್ಲೊ ಎಂಬ ದಪ್ಪ ದನಿಯ ದೊಡ್ಡ ಪಿಟೀಲು ನುಡಿಸಿದ ಕೈ. ಗುದ್ದಿದರೂ ತಾಳ ತಪ್ಪುತ್ತಿರಲಿಲ್ಲ.

ಆ ಶನಿವಾರ ಬೆಳಿಗ್ಗೆ ಬರೀ ಗುದ್ದಿ ಸುಮ್ಮನಾಗಲಿಲ್ಲ, ಪೊರಕೆ ಸಮೇತ ಮೆಟ್ಟಿಲು ಹತ್ತಿ ಬಂದಳು. ಕಂಕುಳಲ್ಲೊಂದು ದೊಡ್ಡ ಗ್ರಾಮಫೋನ್ ತಟ್ಟೆ.

"ಸಾಯಂಕಾಲ ಹಾವ್ರಾನೆಕ್ ಮೇಷ್ಟ್ರ ಎಂಬತ್ತನೇ ಹುಟ್ಟುಹಬ್ಬ. ಅಂಗಳದಲ್ಲಿ ನೀನೇ ಹಾಡು ಹಾಕ್ಬೇಕು. ಅವ್ರಿಗೆ ಹಿಡಿಸ್ತಾ, ನಿನ್ನ ಡಬ್ಬಾ ಸಾಮಾನು ಈ ಕಟ್ಟಡದಲ್ಲಿ ಇರುತ್ತೆ. ಹಿಡಿಸ್ಲಿಲ್ವಾ, ನಾಳೆ ಗಾಡಿ ಕರೆಸು. ಕಟ್ಟಡದ ಸಮಿತಿಗೆ ಅವರೇ ಅಧ್ಯಕ್ಷರು ಅನ್ನೋದು ಮರೀಬೇಡ."

"ಆಂಟಿ, ಸಾಮಾನು ಹೋದ್ರೆ ನಾನೆಲ್ಲಿ ಅಭ್ಯಾಸ ಮಾಡ್ಲಿ? ಹೊಟ್ಟೆಪಾಡು ಇದು!"

"ಅದಕ್ಕೇ ದಾರಿ ತಂದಿದೀನಿ. ಇದು ಮೇಷ್ಟ್ರು ವೃಂದದ ಮುಂದೆ ನಿಂತು ಕಡ್ಡಿ ಬೀಸಿ ನಡೆಸಿದ ಸಿಂಫನಿ, ನಾವೆಲ್ಲ ನುಡಿಸಿದ್ದು. ನಿನ್ನ ಕುಣಿತದ ಹಾಡಿನ ಜೊತೆ ಬೆರೆಸು. ಎಲ್ಲಿ ಸೇರ್ತು ಅಂತ ಗೊತ್ತಾಗ್ಬಾರ್ದು. ಮತ್ತೆ ನೋಡು, ಸಂಜೆ ತನಕ ಒಂದು ಸದ್ದು ಹೊರಗೆ ಬಂದ್ರೆ..." ಪೊರಕೆ ಉಳಿದದ್ದನ್ನು ಹೇಳಿತು.

ಬೊಲೆಕನಿಗೂ ಸಿಂಫನಿಗೂ ಬೆಕ್ಕಿಗೂ ಸ್ನಾನಕ್ಕೂ ಇರುವಷ್ಟೇ ನಂಟು. ತಟ್ಟೆ ತಿರುಗಿಸುವ ಯಂತ್ರದ ಮೇಲೆ ಹಿಂದಿನ ಸಂಜೆ ಬಿಯರ್ ಅಂಗಡಿಯಲ್ಲಿ ಹಾಕಿದ್ದ ಪುಟ್ಟ ಹಾಡಿನ ತಟ್ಟೆ ಹಾಗೇ ಕೂತಿತ್ತು. ಅದನ್ನು ಎತ್ತಿಟ್ಟು ದೊಡ್ಡದನ್ನು ಹಾಕಿದ. ಹೆಡ್‌ಫೋನ್ ಕಿವಿಗೆ ಏರಿಸಿದ. ಪಿಟೀಲುಗಳು ಬಾಲಕ್ಕೆ ಬೆಂಕಿ ಹತ್ತಿದ ಇಲಿಗಳ ಹಾಗೆ ಓಡತೊಡಗಿದವು.

"ಅಬ್ಬಬ್ಬಾ! ಈ ಮುದುಕರು ಇಷ್ಟು ಚುರುಕಾ?"

ಎರಡು ಹಾಡು ಬೆರೆಯಬೇಕಾದರೆ ಗತಿಯೂ ಹೊಂದಬೇಕು, ಶ್ರುತಿಯೂ ಹೊಂದಬೇಕು. ಇಲ್ಲದಿದ್ದರೆ ಒಂದೇ ಸೈಕಲ್ಲಿನ ಮೇಲೆ ಇಬ್ಬರು ಕುಡುಕರು ಕೂತಂತೆ. ಬೊಲೆಕನ ಕಂಪ್ಯೂಟರು ತಟ್ಟೆಯನ್ನು ಆಲಿಸಿ ವರದಿ ಕೊಟ್ಟಿತು: ಗತಿ ನಿಮಿಷಕ್ಕೆ ನೂರಾ ಮೂವತ್ತು ಪೆಟ್ಟು, ಶ್ರುತಿ ಡಿ ಸ್ವರ. ಅವನ ಬಳಿಯ ಭರ್ಜರಿ ಕುಣಿತದ ಹಾಡೊಂದರದ್ದೂ ಅದೇ ಗತಿ, ಅದೇ ಶ್ರುತಿ! ಜಾತಕದಲ್ಲಿ ಒಂದು ಗುಣವೂ ಬಿಡದೆ ಕೂಡಿಬಂದ ಹಾಗಾಯಿತು. ಒಂದೇ ತೊಡಕು. ಮನುಷ್ಯರು ನುಡಿಸಿದ ಸಿಂಫನಿ ಯಂತ್ರದ ಹಾಗೆ ಒಂದೇ ಸಮ ನಡೆಯುವುದಿಲ್ಲ. ಏರು ಹತ್ತಿದ ಅಜ್ಜಿಯಂತೆ ಅಲ್ಲಲ್ಲಿ ನಿಂತು ಉಸಿರು ಬಿಡುತ್ತದೆ. ತಟ್ಟೆಯ ಅಂಚನ್ನು ಬೆರಳಿನಿಂದ ದೂಡುತ್ತ, ತಡೆಯುತ್ತ ಮಧ್ಯಾಹ್ನದ ಊಟವನ್ನೂ ಮರೆತ.

ಆಗ ಎದುರುಮನೆಯ ಕ್ರುಪಿಚ್ಕಾ ಅಂಕಲ್ ಚಪ್ಪಲಿ ಎಳೆಯುತ್ತ, ಪ್ಲಮ್ ಬ್ರಾಂದಿ ಹಿಡಿದು ಬಂದರು. ವೃಂದದಲ್ಲಿ ನಗಾರಿ ಬಾರಿಸುತ್ತಿದ್ದವರು.

"ಎಲ್ಲಿಗೆ ಬಂತಯ್ಯಾ?"

"ಮುಗೀತು ಅಂಕಲ್. ಡಿ ಶ್ರುತಿ, ಸರಿಯಾಗಿ ಕೂತಿದೆ."

"ಡಿ? ಲೋ, ಅದು ಎ ಕಣೋ! ನಗಾರಿ ಶ್ರುತಿ ಮಾಡಿದೋನು ನಾನು!"

"ಎ ನೇ!" ಎಂದು ಕೆಳಗಿನಿಂದ ಲಿಬುಶೆ ಆಂಟಿ ಕೂಗಿದಳು. ಆ ಕಟ್ಟಡದ ಗೋಡೆಗಳಿಗೆ ಗುಟ್ಟು ಕಾಯುವುದು ಗೊತ್ತಿರಲಿಲ್ಲ.

"ಮೆಷೀನು ಡಿ ಅಂತಿದೆ."

"ನಿನ್ನ ಮೆಷೀನಿಗೆ ನೆಗಡಿ ಆಗಿರ್ಬೇಕು. ಗತಿ ಎಷ್ಟಂತೆ?"

"ನೂರಾ ಮೂವತ್ತು."

ಅಂಕಲ್ ಹೊಟ್ಟೆ ಹಿಡಿದು ನಕ್ಕರು. "ಆವತ್ತು ಮಧ್ಯಾಹ್ನ ನಾವೆಲ್ಲ ಹೊಟ್ಟೆ ಬಿರಿಯ ಗುಲಾಶ್ ಮಾಂಸದ ಸಾರು ಬಾರಿಸಿ ಕೂತಿದ್ವಿ. ಮೇಷ್ಟ್ರು ಕಡ್ಡಿ ಬೀಸಿದ್ದೇ ಬೀಸಿದ್ದು, ನಾವು ತೊಂಬತ್ತಾರು ದಾಟ್ಲಿಲ್ಲ!"

ವಯಸ್ಸಾದವರಿಗೆ ಎಲ್ಲ ಮರೆತುಹೋಗಿರುತ್ತದೆ ಎಂದು ಬೊಲೆಕ್ ಮನಸ್ಸಿನಲ್ಲೇ ಮರುಗಿದ.

ಸಂಜೆ ಅಂಗಳದಲ್ಲಿ ಆಲೂಗಡ್ಡೆ ಸಲಾಡು, ಸಾಸೇಜು, ಬಿಯರು. ನಡುವೆ ಕುರ್ಚಿಯಲ್ಲಿ ಹಾವ್ರಾನೆಕ್ ಮೇಷ್ಟ್ರು, ಮುಖ ಹಿಂಡಿದ ನಿಂಬೆಹಣ್ಣು. ಬೊಲೆಕ್ ಕುಣಿತದ ಹಾಡು ಹಾಕಿದ. ನಾಲ್ಕು ಜನ ಎದ್ದರು. ಸಿಂಫನಿಯನ್ನು ಮೆಲ್ಲಗೆ ಒಳಗೆ ಬಿಟ್ಟ. ಬೆರೆಯಿತು! ಕಾಫಿಗೆ ಹಾಲು ಸೇರಿದಂತೆ ಬೆರೆಯಿತು!

ಅಷ್ಟರಲ್ಲಿ ಕ್ರುಪಿಚ್ಕಾ ಅಂಕಲ್ ಕೈಯ ಸಾಸೇಜು ಬಾಯಿಗೆ ಹೋಗುತ್ತ ಅರ್ಧದಲ್ಲೇ ನಿಂತಿತು.

"ಅಯ್ಯೋ!" ಲಿಬುಶೆ ಆಂಟಿ ಚೀರಿದಳು. "ನನ್ನ ಚೆಲ್ಲೊ ಪಿಟೀಲಾಗಿ ಹೋಯ್ತಲ್ಲೋ!"

ಬೊಲೆಕ್ ಯಂತ್ರದತ್ತ ನೋಡಿದ. ಪುಟ್ಟ ಕೆಂಪು ದೀಪ ನಿಮಿಷಕ್ಕೆ ನಲವತ್ತೈದು ಸುತ್ತು ಎಂಬುದರ ಪಕ್ಕ ಉರಿಯುತ್ತಿತ್ತು. ದೊಡ್ಡ ತಟ್ಟೆ ತಿರುಗಬೇಕಾದದ್ದು ಮೂವತ್ತಮೂರರಲ್ಲಿ. ಪುಟ್ಟ ತಟ್ಟೆಯ ವೇಗವನ್ನು ಅವನು ಇಳಿಸಿರಲೇ ಇಲ್ಲ. ವೇಗ ಏರಿದ್ದಕ್ಕೆ ಶ್ರುತಿಯೂ ಏರಿತ್ತು. ಥಟ್ಟನೆ ವೇಗದ ಗುಂಡಿಯತ್ತ ಕೈ ಚಾಚಿದ. ಎಲುಬು ಎದ್ದ ಕೈಯೊಂದು ಅವನ ಮಣಿಕಟ್ಟನ್ನು ಹಿಡಿಯಿತು.

"ಮುಟ್ಟೀಯ, ಜೋಕೆ!" ಮೇಷ್ಟ್ರು. ಕಣ್ಣಲ್ಲಿ ನೀರು. "ನಲವತ್ತು ವರ್ಷ ಇವರ ಕಾಲು ಹಿಡಿದೆ, ಈ ಗತಿ ಕೊಡ್ರಪ್ಪಾ ಅಂತ. ಮನುಷ್ಯರ ಕೈಲಿ ಆಗಲ್ಲ ಅಂದ್ರು. ಈಗ ಕೇಳ್ರೋ ಸೋಮಾರಿಗಳಾ! ನುಡಿಸ್ತಿರೋದು ನೀವೇ!"

ಹಾಗೆಂದವರು ಲಿಬುಶೆ ಆಂಟಿಯ ಸೊಂಟ ಹಿಡಿದು ಕುಣಿದೇಬಿಟ್ಟರು. ದಮ್ಮು ಹತ್ತಿದ ಮೇಲೆ ಬಂದು ಬೊಲೆಕನ ಬೆನ್ನು ತಟ್ಟಿದರು. "ಈ ಸಾಮಾನು ನಮ್ಮ ಕಟ್ಟಡ ಬಿಟ್ಟು ಹೋಗಕೂಡದು. ಅಧ್ಯಕ್ಷನ ಅಪ್ಪಣೆ!"

ಬೊಲೆಕ್ ನೆಲದಿಂದ ಒಂದು ಗೇಣು ಮೇಲೆದ್ದ.

"ಈಗಲೇ ನನ್ನ ಮನೆಗೆ ಹೊತ್ತು ಹಾಕು. ಸ್ಪೀಕರೂ ಇರ್ಲಿ."

ಮೇಷ್ಟ್ರ ಮನೆ ಬೊಲೆಕನ ಮನೆಯ ನೆತ್ತಿಯ ಮೇಲೆಯೇ. ಭಾನುವಾರ ಕೋಳಿ ಕೂಗುವ ಹೊತ್ತಿಗೆ ಬೆಂಕಿ ಹತ್ತಿದ ಇಲಿಗಳು ಅವನ ಸೂರಿನ ಮೇಲೆ ಓಡಾಡತೊಡಗಿದವು. ಕಿವಿಗೆ ಹತ್ತಿ ತುರುಕಿದ, ದಿಂಬು ಹೊದ್ದ, ಕೊನೆಗೆ ಕೆಳಗಿಳಿದು ಲಿಬುಶೆ ಆಂಟಿಯ ಬಾಗಿಲು ತಟ್ಟಿದ. ಅವಳು ಕೇಳುವ ಮೊದಲೇ ಪೊರಕೆ ಚಾಚಿದಳು.

"ನನ್ನ ಪಾಲಿಂದೂ ಸೇರಿಸಿ ಗುದ್ದು."

ಬೊಲೆಕ್ ತನ್ನ ಮನೆಗೆ ಮರಳಿ, ಕುರ್ಚಿ ಹತ್ತಿ ಸೂರಿಗೆ ಧಡ್ ಧಡ್ ಧಡ್ ಎಂದು ಗುದ್ದಿದ. ಮೇಲೆ ಸಂಗೀತ ನಿಂತಿತು. ಕಿಟಕಿ ತೆರೆದ ಸದ್ದು.

"ಬೊಲೆಕ್!" ಮೇಷ್ಟ್ರ ಕೂಗು ಅಂಗಳವನ್ನೆಲ್ಲ ತುಂಬಿತು. "ಭೇಷ್ ಕಣೋ! ಗತಿ ಸರಿಯಾಗಿ ಹಿಡಿದಿದೀಯ! ಮೊದಲಿಂದ ಹಾಕ್ತೀನಿ, ಕೊನೇ ತನಕ ನಿಲ್ಲಿಸ್ಬೇಡ!"